ಲೊಕೇಶನ್ ಕಳಿಸಲ್ಲ, ಬೈಕೊಳ್ಳಿ

ಜಪಾನ್‌ನಿಂದ ವಾಪಸ್ ಬಂದು ಮೂರು ವಾರ ಆಯ್ತು. ಲ್ಯಾಬ್ ಹೇಗಿತ್ತು ಅಂತ ಕೇಳಿದವರು ಇಬ್ಬರೇ. ಅದರಲ್ಲಿ ಒಬ್ಬರು ನನ್ನ ಗೈಡ್, ಅವರು ಕೇಳಲೇಬೇಕು. ಉಳಿದವರೆಲ್ಲ ಕೇಳಿದ್ದು ನಾನು ಸ್ಟೇಟಸ್‌ಗೆ ಹಾಕಿದ್ದ ಒಂದು ರಾಮೆನ್ ಬಟ್ಟಲಿನ ಫೋಟೋ ಬಗ್ಗೆ. "ಮಗಾ, ಸಖತ್ತಾಗಿದೆ, ಲೊಕೇಶನ್ ಕಳಿಸು." ಹಾಸ್ಟೆಲ್ ಗ್ರೂಪ್‌ನಲ್ಲಿ ನಾಲ್ಕು ಜನ, ಕ್ಲಬ್ ಗ್ರೂಪ್‌ನಲ್ಲಿ ಮೂರು ಜನ. ಮೊದಲನೇ ವರ್ಷ ಮುಗಿದ ಮೇಲೆ ಮಾತೇ ಬಿಟ್ಟಿದ್ದ ಹಳೇ ರೂಮ್‌ಮೇಟ್ ಕೂಡ ಒಂದು ಮೆಸೇಜ್ ಹಾಕಿದ. ಯಾರಿಗೂ ಕಳಿಸಲಿಲ್ಲ. "ಎರಡು ತಿಂಗಳು ಫಾರಿನ್‌ಗೆ ಹೋಗಿ ಬಂದಿದ್ದಕ್ಕೆ ಇಷ್ಟೊಂದು ಬಿಲ್ಡಪ್ಪಾ?" ಅಂತ ಒಬ್ಬ ಎಲ್ಲರ ಎದುರಿಗೇ ಕೇಳಿದ. ಆವಾಗ ಕ್ಯಾಂಟೀನ್‌ನಲ್ಲಿ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಅಂಗಡಿ ಬಗ್ಗೆ. ಊರು ಫುಕುವೋಕಾ, ಅಷ್ಟು ಹೇಳಬಹುದು. ಜಪಾನಿನ ದಕ್ಷಿಣದ ದೊಡ್ಡ ದ್ವೀಪ ಕ್ಯುಶುವಿನ ಅತಿ ದೊಡ್ಡ ಊರು. ಹಂದಿ ಮೂಳೆ ಬೇಯಿಸಿ ಮಾಡುವ ತೊಂಕೊತ್ಸು ರಾಮೆನ್‌ಗೆ ಇಡೀ ದೇಶದಲ್ಲಿ ಹೆಸರಾದ ಜಾಗ. ಸಸ್ಯಾಹಾರಿ ಗೆಳೆಯರು ಇಲ್ಲಿಂದ ಮುಂದೆ ಸ್ವಲ್ಪ ಸಹಿಸಿಕೊಳ್ಳಿ. ಆ ಊರಲ್ಲಿ ಎಂಟು ವಾರ ನಾನು ಒಂದು ಲ್ಯಾಬ್‌ನಲ್ಲಿ ಸೆನ್ಸರ್ ಕ್ಯಾಲಿಬ್ರೇಶನ್ ಮಾಡ್ತಾ ಕೂತಿದ್ದೆ. ಜೂನ್, ಜುಲೈ, ಅಂದ್ರೆ ಅವರ ಮಳೆಗಾಲ. ಮಲೆನಾಡಿನ ಹಾಗೆ ಬಿರುಸಾಗಿ ಸುರಿಯಲ್ಲ, ಸುಮ್ಮನೆ ಜಿನುಗ್ತಾನೇ ಇರತ್ತೆ, ಸಾಕ್ಸ್ ಒಣಗೋದೇ ಇಲ್ಲ. ಮೊದಲನೇ ವಾರ ನಾನು ತಿಂದಿದ್ದು ಬರೀ ಅಂಗಡಿಯ ಅನ್ನದ ಉಂಡೆ. ಎರಡನೇ ವಾರ ನನ್ನ ಪಕ್ಕದ ಡೆಸ್ಕ್‌ನ ಸೀನಿಯರ್‌ಗೆ ಕನಿಕರ ಬಂತು. ಅಲ್ಲಿ ಸೀನಿಯರ್‌ಗಳನ್ನ ಸೆನ್ಪೈ ಅಂತಾರೆ, ನಾನೂ ಹಾಗೇ ಕರೀತೀನಿ. "ನಾಳೆ ಮಧ್ಯಾಹ್ನ ಒಂದು ಕಡೆ ಕರ್ಕೊಂಡು ಹೋಗ್ತೀನಿ" ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ ಒಂದು ಷರತ್ತು. ಬಟ್ಟಲಿನ ಫೋಟೋ ಬೇಕಾದರೆ ತಗೋ, ಅಂಗಡಿಯ ಮುಂಭಾಗ ತೆಗೀಬೇಡ, ಮ್ಯಾಪ್‌ನಲ್ಲಿ ಏನೂ ಬರೀಬೇಡ. ಆಪ್ ಇನ್‌ಸ್ಟಾಲ್ ಮಾಡುವಾಗ ನಿಯಮಗಳನ್ನ ಓದದೇ ಒಪ್ಕೊಳ್ತೀವಲ್ಲ, ಹಾಗೆ ತಲೆ ಆಡಿಸಿದೆ.

ಅಂಗಡಿಗೆ ಬೋರ್ಡ್ ಇಲ್ಲ. ಒಂದು ಲಾಂಡ್ರಿ, ಒಂದು ಸೈಕಲ್ ರಿಪೇರಿ ಅಂಗಡಿ, ಅವೆರಡರ ನಡುವೆ ಹಳೇ ಮನೆಯೊಂದರ ಕೆಳಗಿನ ಕೋಣೆ. ಬಾಗಿಲಿಗೆ ಬಣ್ಣ ಹೋದ ಬಟ್ಟೆಯ ಪರದೆ. ಅದನ್ನ ನೋರೆನ್ ಅಂತಾರೆ, ಅದು ಹೊರಗೆ ತೂಗ್ತಿದ್ದರೆ ಅಂಗಡಿ ತೆರೆದಿದೆ, ಒಳಗೆ ತಗೊಂಡಿದ್ದರೆ ಮುಗೀತು. ಕಣ್ಣಿಗೆ ಕಾಣೋ ಮೊದಲೇ ಮೂಗಿಗೆ ಗೊತ್ತಾಗತ್ತೆ. ಸುಳ್ಳು ಯಾಕೆ ಹೇಳಲಿ, ಆ ವಾಸನೆ ಚೆನ್ನಾಗಿರಲ್ಲ. ರಾತ್ರಿಯೆಲ್ಲ ಮೂಳೆ ಬೆಂದ ವಾಸನೆ, ಮಳೆ ಬಂದರೆ ಇನ್ನೂ ಕೆಳಗೇ ಕೂತಿರತ್ತೆ. ಒಳಗೆ ಒಂದೇ ಉದ್ದದ ಕಟ್ಟೆ, ಒಂಬತ್ತು ಸ್ಟೂಲು. ಕಟ್ಟೆಯ ಆ ಕಡೆ ಎಪ್ಪತ್ತು ದಾಟಿದ ಒಬ್ಬ ಅಜ್ಜ, ಅವರ ಹೆಂಡತಿ. ಅಜ್ಜನನ್ನ ಎಲ್ಲರೂ ತೈಶೋ ಅಂತ ಕರೀತಾರೆ, ನಮ್ಮ ಕಡೆ "ಯಜಮಾನ್ರೇ" ಅಂದ ಹಾಗೆ. ದೊಡ್ಡ ಅಂಗಡಿಗಳಲ್ಲಿ ಇರೋ ಟಿಕೆಟ್ ಮೆಶಿನ್ ಇಲ್ಲಿಲ್ಲ. ಮೆನುವೂ ಇಲ್ಲ, ಒಂದೇ ಐಟಂ. 650 ಯೆನ್, ನಮ್ಮ ಲೆಕ್ಕದಲ್ಲಿ 370 ರೂಪಾಯಿ ಆಸುಪಾಸು. ಅಲ್ಲಿನ ಲೆಕ್ಕದಲ್ಲಿ ಇದು ಕಡಿಮೆ.

ಬಟ್ಟಲು ಬಂತು. ಹಾಲು ಬಿಳಿ ಸಾರು, ದಾರದಷ್ಟು ಸಣ್ಣ ನೂಡಲ್ಸ್, ಎರಡು ತೆಳು ಹಂದಿ ಮಾಂಸದ ಹೋಳು, ಮೇಲೆ ಈರುಳ್ಳಿ ಎಲೆ. ಮೊದಲ ಗುಟುಕಿಗೇ ನನಗೆ ನೆನಪಾಗಿದ್ದು ನಮ್ಮೂರು. ಚನ್ನರಾಯಪಟ್ಟಣದ ಹತ್ತಿರ ನಮ್ಮನೆ, ಅಲ್ಲಿ ಯಾರಿಗಾದರೂ ಜ್ವರ ಬಿಟ್ಟ ಮೇಲೆ ಅವ್ವ ಕಾಲು ಸೂಪು ಮಾಡ್ತಾರೆ. ಕುರಿ ಕಾಲನ್ನ ಸುಟ್ಟು, ಕೆರೆದು, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ. ಕುಡಿದ ಮೇಲೆ ತುಟಿ ತುಟಿ ಅಂಟ್ಕೊಳ್ಳತ್ತೆ. ಇಲ್ಲೂ ಅಂಟ್ಕೊಂಡಿತು. ಅಂಟೋದಕ್ಕೆ ಕಾರಣ ಎರಡರಲ್ಲೂ ಒಂದೇ, ಮೂಳೆ ಮತ್ತೆ ಚರ್ಮದ ಕೊಲಾಜೆನ್ ಬಿಸಿಗೆ ಒಡೆದು ಜೆಲಾಟಿನ್ ಆಗತ್ತೆ. ಬಣ್ಣ ಮಾತ್ರ ಯಾಕೆ ಬೇರೆ? ಅವ್ವ ಸಣ್ಣ ಉರಿ ಇಡ್ತಾರೆ, ಅದಕ್ಕೆ ಎಣ್ಣೆ ಮೇಲೆ ತೇಲತ್ತೆ, ಸೂಪು ತಿಳಿಯಾಗಿರತ್ತೆ. ಇವರು ಕೊತಕೊತ ಕುದಿಸ್ತಾರೆ. ಆ ಕುದಿತದ ಹೊಡೆತಕ್ಕೆ ಕೊಬ್ಬು ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಲ್ಲಿ ಬೆರೆಯತ್ತೆ, ಜೆಲಾಟಿನ್ ಆ ಹನಿಗಳನ್ನ ಮತ್ತೆ ಒಂದಾಗೋಕೆ ಬಿಡಲ್ಲ. ಎಮಲ್ಶನ್ ಅಂತ ಕೆಮಿಸ್ಟ್ರಿಯಲ್ಲಿ ಓದಿ ಮರೆತಿದ್ದು ಬಟ್ಟಲಲ್ಲಿ ಸಿಕ್ಕಿತು. ಆ ಬಿಳುಪಲ್ಲಿ ಹಾಲು ಒಂದು ಹನಿಯೂ ಇಲ್ಲ.

ಈ ಬಿಳಿ ಬಣ್ಣವೂ ಯಾರೂ ಬೇಕು ಅಂತ ಮಾಡಿದ್ದಲ್ಲವಂತೆ. ಫುಕುವೋಕಾದಿಂದ ದಕ್ಷಿಣಕ್ಕೆ ಕುರುಮೆ ಅಂತ ಒಂದು ಊರಿದೆ. ತೊಂಕೊತ್ಸು ಹುಟ್ಟಿದ್ದು ಅಲ್ಲಿ, 1937ರಲ್ಲಿ, ಒಂದು ತಳ್ಳುಗಾಡಿಯಲ್ಲಿ. ಆಗ ಸಾರು ಇಷ್ಟು ಬೆಳ್ಳಗಿರಲಿಲ್ಲ. 1947ರಲ್ಲಿ ಅದೇ ಊರಿನ ಇನ್ನೊಂದು ಗಾಡಿಯವನು ಎಲ್ಲೋ ಹೋಗಿದ್ದಾಗ ಪಾತ್ರೆ ವಿಪರೀತ ಕುದ್ದು ಬೆಳ್ಳಗಾಗಿ ಹೋಯ್ತು, ಚೆಲ್ಲೋ ಮೊದಲು ರುಚಿ ನೋಡಿದರು, ಅಲ್ಲಿಂದ ಅದೇ ಪದ್ಧತಿ ಆಯ್ತು ಅಂತ ಅಲ್ಲಿನವರು ಹೇಳ್ತಾರೆ. ನಮ್ಮ ತೈಶೋ ಕೆಲಸ ಕಲಿತಿದ್ದು ಆ ಕುರುಮೆಯಲ್ಲೇ. ಅಲ್ಲಿಯ ಒಂದು ಕ್ರಮಕ್ಕೆ ಯೊಬಿಮೊದೊಶಿ ಅಂತ ಹೆಸರು. ಸಾರಿನ ಪಾತ್ರೆಯನ್ನ ಪೂರ್ತಿ ಖಾಲಿ ಮಾಡೋದೇ ಇಲ್ಲ. ಇವತ್ತಿನ ಸಾರಿನಲ್ಲಿ ಸ್ವಲ್ಪ ಉಳಿಸಿ, ಅದಕ್ಕೆ ಹೊಸ ಮೂಳೆ ಸಾರು ಸೇರಿಸ್ತಾ ಹೋಗೋದು. ಸೆನ್ಪೈ ಇದನ್ನ ಇಂಗ್ಲಿಷಲ್ಲಿ ವಿವರಿಸೋಕೆ ಒದ್ದಾಡ್ತಿದ್ದರು. ನನಗೆ ಥಟ್ಟಂತ ಅರ್ಥ ಆಯ್ತು. ಹೆಪ್ಪು! ನಿನ್ನೆಯ ಮಜ್ಜಿಗೆಯಿಂದ ಇವತ್ತಿನ ಮೊಸರು.

ನೂಡಲ್ಸ್‌ನ ಹಳದಿ ಬಣ್ಣ, ಆ ಎಳೆಯೋ ಗುಣ, ಎರಡಕ್ಕೂ ಕಾರಣ ಕಾನ್ಸುಯಿ ಅಂತ ಒಂದು ಕ್ಷಾರದ ನೀರು. ಸೋಡಿಯಂ ಕಾರ್ಬೊನೇಟು, ಪೊಟ್ಯಾಸಿಯಂ ಕಾರ್ಬೊನೇಟು. ನಮ್ಮ ಅಜ್ಜಿಯರು ಹಪ್ಪಳದ ಹಿಟ್ಟಿಗೆ ಹಪ್ಪಳಖಾರ ಹಾಕ್ತಾರಲ್ಲ, ಅದರ ಅಣ್ಣ ತಮ್ಮ ಇದು. (1958ರಲ್ಲಿ ಮೊಮೊಫುಕು ಆಂಡೊ ಇನ್‌ಸ್ಟಂಟ್ ಮಾಡಿ ಪ್ಯಾಕೆಟ್‌ಗೆ ತುಂಬಿದ್ದು ಇದೇ ರಾಮೆನ್ನನ್ನ. ಹಾಸ್ಟೆಲ್‌ನಲ್ಲಿ ಕೆಟಲ್‌ನಲ್ಲಿ ಕದ್ದು ಬೇಯಿಸೋ ನಮ್ಮ ಮ್ಯಾಗಿ ಆ ವಂಶದ ಕುಡಿ, ವಾರ್ಡನ್‌ಗೆ ಹೇಳಬೇಡಿ.) ನೂಡಲ್ಸ್ ಮುಗಿದು ಸಾರು ಉಳಿದರೆ "ಕಾಯೆದಾಮಾ" ಅಂತ ಕೂಗಿದರೆ ಸಾಕು, ಇನ್ನೊಂದು ಹಿಡಿ ನೂಡಲ್ಸ್ ಬಂದು ಬೀಳತ್ತೆ. ಇದು ಫುಕುವೋಕಾದ ನಾಗಹಾಮಾ ಮೀನು ಮಾರ್ಕೆಟ್‌ನಲ್ಲಿ ಶುರುವಾದ ಪದ್ಧತಿ. ಅಲ್ಲಿ ಕೆಲಸದವರಿಗೆ ಕೂತು ಊಟ ಮಾಡೋಕೆ ಪುರುಸೊತ್ತು ಇರ್ತಿರಲಿಲ್ಲ, ಅದಕ್ಕೇ ಬೇಗ ಬೇಯೋ ಸಣ್ಣ ನೂಡಲ್ಸ್, ಬೇಕಾದವರಿಗೆ ಇನ್ನೊಂದು ಸುತ್ತು. ಒಟ್ಟಿನಲ್ಲಿ ಇದು ಅವಸರದವರ ಊಟ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಆ ರಾತ್ರಿ ಅವ್ವಂಗೆ ಫೋನ್ ಮಾಡಿ ಹೇಳಿದೆ. "ಹಂದಿ ಮೂಳೆನಾ? ಅಲ್ಲಿ ಕುರಿ ಸಿಗಲ್ವೇನಪ್ಪಾ?" ಅಂದರು. ಆಮೇಲೆ, "ಹೊಟ್ಟೆ ತುಂಬ್ತಾ?" ತುಂಬ್ತು ಅಂದೆ. ಅಲ್ಲಿಗೆ ಅವರ ಪ್ರಶ್ನೆ ಮುಗೀತು.

ಎರಡನೇ ಸಲ ನಾನೊಬ್ಬನೇ ಹೋದೆ. ಲ್ಯಾಬ್‌ನಲ್ಲಿ ಸೆನ್ಪೈಗೆ ಮೀಟಿಂಗ್ ಇತ್ತು. ಆರಾಮಾಗಿ ತಿಂದೆ. ತಿಂದಾದ ಮೇಲೆ ಬಟ್ಟಲನ್ನ ಮುಂದೆ ಇಟ್ಕೊಂಡು, ಬ್ಯಾಗನ್ನ ಪಕ್ಕದ ಸ್ಟೂಲ್ ಮೇಲೆ ಇಟ್ಟು, ಫೋನ್ ತೆಗೆದೆ. ಸ್ಕೋರ್ ನೋಡಿದೆ. ಗ್ರೂಪ್‌ನಲ್ಲಿ ಜಗಳ ನಡೀತಿತ್ತು, ಅದಕ್ಕೂ ಎರಡು ಮಾತು ಸೇರಿಸಿದೆ. ನಮ್ಮಲ್ಲಿ ಬೈಟು ಕಾಫಿ ಹಿಡ್ಕೊಂಡು ದರ್ಶಿನಿಯ ಮುಂದೆ ಒಂದು ಗಂಟೆ ನಿಲ್ಲೋ ಜಾತಿಯವನು ನಾನು, ಇದರಲ್ಲಿ ತಪ್ಪೇನಿದೆ ಅಂತ ಹೊಳೆಯಲೇ ಇಲ್ಲ. ಯಾರೂ ಏನೂ ಅನ್ನಲಿಲ್ಲ. ತೈಶೋ ಹೆಂಡತಿ ಎರಡು ಸಲ ಬಂದು ನೀರು ಹಾಕಿದರು. ಎಷ್ಟು ಒಳ್ಳೆಯವರು ಅಂದ್ಕೊಂಡೆ.

ಮರುದಿನ ಸೆನ್ಪೈ ಬಂದು, "ನೆನ್ನೆ ಅಂಗಡಿಗೆ ಹೋಗಿದ್ದೆಯಂತೆ, ನಿನಗೆ ಆ ಜಾಗ ತುಂಬಾ ಇಷ್ಟವಾಗಿದೆ, ನಲವತ್ತು ನಿಮಿಷ ಕೂತಿದ್ದೆ ಅಂತ ಅಮ್ಮ ಹೇಳಿದರು" ಅಂದರು. ನಾನು ಖುಷಿಯಿಂದ ಹೌದು ಅಂದೆ. ಅವರ ಮುಖ ನೋಡಿದ ಮೇಲೆ ನಿಧಾನಕ್ಕೆ ಗೊತ್ತಾಯ್ತು, ಅದು ದೂರು. ಹೊರಗೆ ಮಳೆಯಲ್ಲಿ ಮೂವರು ಛತ್ರಿ ಹಿಡಿದು ಕಾಯ್ತಿದ್ದರಂತೆ, ಅದರಲ್ಲಿ ಒಬ್ಬರು ಊಟದ ಬಿಡುವು ಮುಗೀತು ಅಂತ ಹಾಗೇ ವಾಪಸ್ ಹೋದರಂತೆ. ನಾನು ಬಾಗಿಲ ಕಡೆ ಒಂದು ಸಲವೂ ತಿರುಗಿ ನೋಡಿರಲಿಲ್ಲ. ಅಲ್ಲಿ ಬಟ್ಟಲು ಖಾಲಿ ಆದ ಮೇಲೆ ಬಟ್ಟಲನ್ನ ಕಟ್ಟೆ ಮೇಲೆ ಎತ್ತಿಟ್ಟು, ಒರೆಸೋ ಬಟ್ಟೆಯಿಂದ ನಿಮ್ಮ ಮುಂದಿನ ಜಾಗ ಒರೆಸಿ, ಥ್ಯಾಂಕ್ಸ್ ಹೇಳಿ ಎದ್ದು ಬರಬೇಕು. ಎಲ್ಲೂ ಬರೆದಿಲ್ಲ. ಬರೆದಿದ್ದರೂ ಜಪಾನೀಸ್‌ನಲ್ಲಿ ಬರೆದಿರ್ತಿದ್ದರು, ನನಗೆ ಓದೋಕೆ ಬರ್ತಿರಲಿಲ್ಲ.

ಈ ಘಟನೆ ನನ್ನ ತಲೆಯಲ್ಲಿ ಕೂತುಬಿಡ್ತು. ನನಗೆ ಮುಜುಗರ ಆಯ್ತು ಅನ್ನೋದಕ್ಕಿಂತ, ಸೆನ್ಪೈ ತಲೆ ತಗ್ಗಿಸಬೇಕಾಯ್ತಲ್ಲ ಅಂತ. ನನ್ನನ್ನ ಕರ್ಕೊಂಡು ಹೋಗಿದ್ದು ಅವರು. ಮುಂದಿನ ವಾರ ಅದೇ ಅಂಗಡಿಗೆ ಹೋಗಬೇಕಾದವರೂ ಅವರೇ. ನಾನು ತಪ್ಪು ಮಾಡಿದರೆ ಆ ಅಮ್ಮನಿಗೆ ಹೇಳೋಕೆ ಒಂದು ದಾರಿ ಇತ್ತು, ನನಗೆ ತಿದ್ಕೊಳ್ಳೋಕೂ ಒಂದು ದಾರಿ ಇತ್ತು. ಸೆನ್ಪೈಗೆ ಆ ಅಂಗಡಿ ತೋರಿಸಿದ್ದು ಅವರ ಸೀನಿಯರ್, ಅವರಿಗೆ ಇನ್ಯಾರೋ. ಹೀಗೆ ಬಂದವರೆಲ್ಲ ಒಬ್ಬರಲ್ಲ ಒಬ್ಬರ ಜವಾಬ್ದಾರಿ. ಮ್ಯಾಪ್‌ನ ಪಿನ್ ನೋಡಿ ನಾನು ಹೋಗಿದ್ದರೆ? ನಲವತ್ತು ನಿಮಿಷ ಕೂತು, ಐದು ಸ್ಟಾರ್ ಕೊಟ್ಟು, "ತುಂಬಾ ಫ್ರೆಂಡ್ಲಿ ಜನ, ನೀರು ಕೇಳದೇ ಕೊಡ್ತಾರೆ" ಅಂತ ಬರೆದು ವಿಮಾನ ಹತ್ತುತಿದ್ದೆ. ನನ್ನ ನಂತರ ಬರೋನೂ ಅಷ್ಟೇ ಮಾಡ್ತಿದ್ದ.

ನಾಲ್ಕನೇ ಸಲ ಹೋದಾಗ ಧೈರ್ಯ ಮಾಡಿ, ಸೆನ್ಪೈ ಮೂಲಕ ತೈಶೋ ಹತ್ತಿರ ನಮ್ಮವರು ಯಾರಾದರೂ ಕೇಳೋ ಪ್ರಶ್ನೆ ಕೇಳಿದೆ. ಇಷ್ಟು ಚೆನ್ನಾಗಿ ನಡೀತಿದೆ, ಇನ್ನೊಂದು ಬ್ರಾಂಚ್ ಯಾಕೆ ಮಾಡಲಿಲ್ಲ? ಅಜ್ಜ ಜೋರಾಗಿ ನಕ್ಕರು. "ಬೆಳಗ್ಗೆ ನಾಲ್ಕಕ್ಕೆ ಏಳೋನು ನಾನೊಬ್ಬನೇ. ಇನ್ನೊಂದು ಅಂಗಡಿಯಲ್ಲಿ ಯಾರು ಏಳ್ತಾರೆ?" ದಿನಕ್ಕೆ ಎಂಬತ್ತು ಬಟ್ಟಲು, ಅಷ್ಟೇ. ಪಾತ್ರೆಯಿಂದ ಅದಕ್ಕಿಂತ ಜಾಸ್ತಿ ತೆಗೆದರೆ ನಾಳೆಗೆ ಹೆಪ್ಪು ಉಳಿಯಲ್ಲ. (ಹೆಪ್ಪು ಅನ್ನೋದು ನನ್ನ ಅನುವಾದ.)

ಹಾಸ್ಟೆಲ್‌ಗೆ ಬಂದು ಲೆಕ್ಕ ಹಾಕಿದೆ, ಇಂಜಿನಿಯರಿಂಗ್ ಓದಿದ ಪಾಪಕ್ಕೆ. ಒಂಬತ್ತು ಸ್ಟೂಲು, ಒಬ್ಬರಿಗೆ ಹದಿನೈದು ನಿಮಿಷ, ಅಂದ್ರೆ ಗಂಟೆಗೆ 36 ಜನ. ಹನ್ನೊಂದೂವರೆಗೆ ತೆರೆದರೆ ಎಂಬತ್ತು ಬಟ್ಟಲು ಮುಗಿಯೋಕೆ ಎರಡೂಕಾಲು ಗಂಟೆ. ಮುಕ್ಕಾಲಿಗೆ, ಅಂದ್ರೆ ಒಂದು ನಲವತ್ತೈದರ ಹೊತ್ತಿಗೆ ನೋರೆನ್ ಒಳಗೆ. ನಾನು ನೋಡಿದ ದಿನಗಳಲ್ಲಿ ಹೆಚ್ಚುಕಮ್ಮಿ ಹಾಗೇ ಆಗ್ತಿತ್ತು. ಬರೋರ ಸಂಖ್ಯೆ, ಕೊಡಬಹುದಾದ ಸಂಖ್ಯೆ, ಎರಡೂ ಸರಿ ಹೊಂದಿಕೊಂಡು ನಿಂತಿರೋ ವ್ಯವಸ್ಥೆ ಅದು. ಕ್ಯೂಯಿಂಗ್ ಥಿಯರಿ ಓದಿದವರಿಗೆ ಗೊತ್ತು, ಸಿಸ್ಟಂ ಪೂರ್ತಿ ಸಾಮರ್ಥ್ಯದ ಹತ್ತಿರ ಓಡ್ತಿರುವಾಗ ಬರೋರು ಸ್ವಲ್ಪವೇ ಜಾಸ್ತಿ ಆದರೂ ಕಾಯೋ ಸಮಯ ಸ್ವಲ್ಪ ಜಾಸ್ತಿ ಆಗಲ್ಲ, ಕೈಮೀರಿ ಏರತ್ತೆ.

ಈಗ ಒಂದು ರೀಲ್ ಬಂತು ಅಂದ್ಕೊಳ್ಳಿ. ದಿನಕ್ಕೆ ಮೂವತ್ತು ಜನ ಹೊಸಬರು. ಅವರಿಗೆ ಪುರುಸೊತ್ತಿದೆ, ರಜೆಯಲ್ಲಿದ್ದಾರೆ, ಹನ್ನೊಂದಕ್ಕೇ ಬಂದು ಸಾಲಲ್ಲಿ ನಿಲ್ತಾರೆ. ಮೊದಲ ಮೂವತ್ತು ಬಟ್ಟಲು ಅವರಿಗೆ. ಹಾಗಾದರೆ ಬಟ್ಟಲು ಸಿಗದೇ ವಾಪಸ್ ಹೋಗೋ ಮೂವತ್ತು ಜನ ಯಾರು? ನನಗೆ ಅವರ ಮುಖಗಳೇ ಕಾಣಿಸ್ತವೆ. ಒಂದು ಗಂಟೆಗೆ ಶಿಫ್ಟ್ ಮುಗಿಸಿ ಬರೋ ಒಬ್ಬ ನರ್ಸ್. ಕಾರನ್ನ ಮೂಲೆಯಲ್ಲಿ ನಿಲ್ಲಿಸಿ ಬರೋ ಟ್ಯಾಕ್ಸಿ ಡ್ರೈವರ್, ಇಪ್ಪತ್ತು ವರ್ಷದಿಂದ ಬರ್ತಿದ್ದಾರಂತೆ. ಅಂಚೆಯವರು. ಮಂಗಳವಾರ ಕೋಲು ಊರ್ಕೊಂಡು ಬರೋ ಒಬ್ಬ ಅಜ್ಜಿ, ಅವರಿಗೆ ಕೇಳದೇ ಅರ್ಧ ನೂಡಲ್ಸ್ ಹಾಕಿ ಕೊಡ್ತಾರೆ. ಸಾಲು ಎಲ್ಲರಿಗೂ ಒಂದೇ ಅಂತ ನಾವು ಅಂದ್ಕೋತೀವಿ. ಆದರೆ ಸಾಲು ಉದ್ದ ಆದಾಗ ಮೊದಲು ಕಳಚಿಕೊಳ್ಳೋರು ಟೈಮ್ ಇಲ್ಲದವರು, ಕಾಲು ನೋಯೋರು. ನಾನೇ ಒಬ್ಬನೇ ನಲವತ್ತು ನಿಮಿಷ ಕೂತು ಒಬ್ಬರನ್ನ ಹಸಿವಿನಲ್ಲಿ ಕಳಿಸಿದೆ.

"ಹಿಡನ್ ಜೆಮ್" ಅನ್ನೋ ಮಾತು ಕೇಳಿದರೆ ನನಗೆ ಈಗ ಕಿರಿಕಿರಿ. ಹಿಡನ್ ಅಂದ್ರೆ ಯಾರಿಂದ? ಆ ಬೀದಿಯವರಿಗೆಲ್ಲ ಗೊತ್ತು. ಜಪಾನೀಸ್‌ನಲ್ಲಿ ಇಂಥ ಜಾಗಕ್ಕೆ ಅನಾಬಾ ಅಂತಾರೆ. ಅನಾ ಅಂದ್ರೆ ಬಿಲ, ಬಾ ಅಂದ್ರೆ ಜಾಗ. ಬಿಲದಲ್ಲಿ ಇರೋರಿಗೆ ಅದು ಮನೆ.

ಇದು ಆ ದೇಶದವರ ಅತಿಯಾದ ಸೂಕ್ಷ್ಮ ಅನ್ನೋರೂ ಇದ್ದಾರೆ. ಅಲ್ಲಿ ಆಗಿರೋದನ್ನ ನೋಡಿ. 2012ರಲ್ಲಿ ಜಪಾನ್‌ಗೆ ಹೋದ ವಿದೇಶಿಯರು ಸುಮಾರು 83 ಲಕ್ಷ, 2024ರಲ್ಲಿ 3.68 ಕೋಟಿ. ಟೋಕಿಯೋದ ಸುಗಾಮೋದಲ್ಲಿ ತ್ಸುತಾ ಅಂತ ಒಂದು ರಾಮೆನ್ ಅಂಗಡಿ ಇತ್ತು, ಅದಕ್ಕೂ ಒಂಬತ್ತೇ ಸೀಟು. 2015ರ ಕೊನೆಗೆ ಅದಕ್ಕೆ ಮಿಶೆಲಿನ್ ಸ್ಟಾರ್ ಬಂತು, ರಾಮೆನ್ ಅಂಗಡಿಗೆ ಸ್ಟಾರ್ ಬಂದಿದ್ದು ಜಗತ್ತಲ್ಲೇ ಅದು ಮೊದಲು. ಆಮೇಲೆ ಅಲ್ಲಿ ಒಂದು ಬಟ್ಟಲು ತಿನ್ನಬೇಕಾದರೆ ಬೆಳಗ್ಗೆನೇ ಹೋಗಿ 1000 ಯೆನ್ ಡೆಪಾಸಿಟ್ ಇಟ್ಟು ಟೋಕನ್ ತಗೊಂಡು, ಹೇಳಿದ ಹೊತ್ತಿಗೆ ಮತ್ತೆ ಬರಬೇಕಾಗಿತ್ತು. ಕೊನೆಗೆ ಅಂಗಡಿ ಬೇರೆ ಬಡಾವಣೆಗೇ ಹೋಯ್ತು. ಇನ್ನು ಫುಜಿಕವಾಗುಚಿಕೋ ಅನ್ನೋ ಊರು. ಅಲ್ಲಿ ಒಂದು ಸಾಮಾನ್ಯ ಅಂಗಡಿಯ ಹಿಂದೆ ಫುಜಿ ಬೆಟ್ಟ ಕಾಣತ್ತೆ, ಅದರ ಫೋಟೋ ವೈರಲ್ ಆಗಿ ಜನ ರಸ್ತೆ ಮಧ್ಯ ನಿಲ್ಲೋಕೆ, ಎದುರಿನ ಡೆಂಟಲ್ ಕ್ಲಿನಿಕ್ ಆವರಣಕ್ಕೆ ನುಗ್ಗೋಕೆ ಶುರು ಮಾಡಿದರು. 2024ರ ಮೇನಲ್ಲಿ ಊರಿನವರು ಬೆಟ್ಟ ಕಾಣದ ಹಾಗೆ ಕಪ್ಪು ಪರದೆ ಕಟ್ಟಿಸಿದರು. ತಮ್ಮ ಊರಿನ ಬೆಟ್ಟಕ್ಕೆ ತಾವೇ ಪರದೆ ಕಟ್ಟೋ ಗತಿ!

ಸರಿ, ನನ್ನ ನಿಜವಾದ ಕಾರಣಕ್ಕೆ ಬರ್ತೀನಿ. ಮೂರನೇ ವರ್ಷ, ನಾಲ್ಕನೇ ವರ್ಷದವರಿಗೆ ನೆನಪಿರಬಹುದು, ನಮ್ಮ ಹಿಂದಿನ ಗೇಟಿನ ಆಚೆ ಒಬ್ಬ ಅಕ್ಕ ತಟ್ಟೆ ಇಡ್ಲಿ ಮಾಡ್ತಿದ್ದರು. ತಗಡಿನ ಶೀಟು, ಎರಡು ಬೆಂಚು. ಒಂದು ಪ್ಲೇಟ್ 30 ರೂಪಾಯಿ. ಎರಡನೇ ವರ್ಷದಲ್ಲಿ ಅದರ ಮೇಲೆ ರೀಲ್ ಮಾಡಿದ ಮಹಾನುಭಾವ ನಾನೇ. "ಯಾರಿಗೂ ಗೊತ್ತಿಲ್ಲದ ಸ್ವರ್ಗ" ಅಂತ ಹೆಸರು ಕೊಟ್ಟಿದ್ದೆ, ಲೊಕೇಶನ್ ಸಮೇತ. ಯಾರಿಗೂ ಗೊತ್ತಿಲ್ಲ ಅಂತ ನಾನು ಹೇಳಿದ ಆ ಜಾಗದಲ್ಲಿ ದಿನಾ ಬೆಳಗ್ಗೆ ಏಳಕ್ಕೆ ನಮ್ಮ ಸೆಕ್ಯೂರಿಟಿ ಅಂಕಲ್‌ಗಳು, ಆಟೋದವರು, ಪಕ್ಕದ ಬಿಲ್ಡಿಂಗ್‌ನ ಗಾರೆ ಕೆಲಸದವರು ತಿಂತಿದ್ದರು. ಅಕ್ಕನ ಹತ್ತಿರ ಒಂದು ಲೆಕ್ಕದ ಪುಸ್ತಕ ಇತ್ತು, ತಿಂಗಳ ಕೊನೆಗೆ ಕೊಡೋರದ್ದು. ನನ್ನ ಹೆಸರೂ ಅದರಲ್ಲಿತ್ತು.

ರೀಲ್ ಓಡ್ತು. ನನ್ನ ಜೀವನದಲ್ಲಿ ಅಷ್ಟು ವ್ಯೂಸ್ ಮತ್ತೆ ಬಂದಿಲ್ಲ. ಎರಡೇ ವಾರಕ್ಕೆ ಊರಿನ ಆ ತುದಿಯಿಂದ ಬೈಕಲ್ಲಿ ಬರೋಕೆ ಶುರು ಮಾಡಿದರು. ಬೆಳಗ್ಗೆ ಏಳಕ್ಕೇ ಸಾಲು. ಅಕ್ಕ ಮೊದಮೊದಲು ನನಗೆ ಫ್ರೀ ವಡೆ ಕೊಟ್ಟರು, ಸುಳ್ಳು ಹೇಳಲ್ಲ, ಖುಷಿಯಾಗಿದ್ದರು. ಹೊಸ ಗ್ರೈಂಡರ್ ತಗೊಂಡರು. ಆಮೇಲೆ ರೇಟು 50 ಆಯ್ತು, ಪುಸ್ತಕ ನಿಂತುಹೋಯ್ತು, ಅಷ್ಟು ಗಲಾಟೆಯಲ್ಲಿ ಬರ್ಕೊಳ್ಳೋರು ಯಾರು? ಜಾಗದ ಯಜಮಾನ ಬಾಡಿಗೆ ಏರಿಸಿದ. ಗಾರೆ ಕೆಲಸದವರು ಎಂಟಕ್ಕೆ ಕೆಲಸಕ್ಕೆ ಹೋಗಬೇಕು, ಕಾದು ಕಾದು ಬೇರೆ ಗಾಡಿ ನೋಡ್ಕೊಂಡರು. ಏಳೆಂಟು ತಿಂಗಳಿಗೆ ಬೈಕಿನವರಿಗೆ ಇನ್ನೊಂದು ಸ್ವರ್ಗ ಸಿಕ್ಕಿತು, ಅಲ್ಲಿಗೆ ಹೋದರು. ಹಳಬರು ವಾಪಸ್ ಬರಲಿಲ್ಲ. ಏರಿದ ಬಾಡಿಗೆ ಇಳಿಯಲೂ ಇಲ್ಲ. ಕಳೆದ ವರ್ಷ ದಸರಾ ರಜೆ ಮುಗಿಸಿ ಬಂದಾಗ ತಗಡಿನ ಶೀಟೂ ಇರಲಿಲ್ಲ. ಅಕ್ಕ ಎಲ್ಲಿಗೆ ಹೋದರು ಅಂತ ಸೆಕ್ಯೂರಿಟಿ ಅಂಕಲ್‌ನ ಕೇಳಿದೆ. "ನಿಂಗೇ ಗೊತ್ತಿರಬೇಕಲ್ಲಪ್ಪ, ವಿಡಿಯೋ ಮಾಡಿದೋನು" ಅಂದರು. ಚುಚ್ಚೋಕೆ ಹೇಳಿದ್ದೋ, ಸುಮ್ಮನೆ ಹೇಳಿದ್ದೋ, ಗೊತ್ತಿಲ್ಲ. ಅವರಿಗೆ ನಾನು ಇನ್ನೂ 210 ರೂಪಾಯಿ ಕೊಡೋದಿದೆ. ಅಕ್ಕನಿಗೆ.

ಫುಕುವೋಕಾದಲ್ಲಿ ಮೊದಲ ದಿನ ಸೆನ್ಪೈ ಷರತ್ತು ಹಾಕಿದಾಗ ಇದೆಲ್ಲ ನೆನಪಾಗಲಿಲ್ಲ, ಅದೇ ನನಗೆ ಬೇಜಾರು. ನೆನಪಾಗಿದ್ದು ನಲವತ್ತು ನಿಮಿಷದ ಕಥೆ ಆದ ಮೇಲೆ. ಅಷ್ಟೊತ್ತಿಗೆ ಫೋನ್‌ನಲ್ಲಿ ಅಂಗಡಿಯ ಮುಂಭಾಗ, ನೋರೆನ್, ಓಣಿಯ ತಿರುವು ಎಲ್ಲ ಸೇರಿ ಒಂದು ವಿಡಿಯೋ ರೆಡಿ ಇತ್ತು. ಹೌದು, ಮಾತು ಕೊಟ್ಟ ಮೇಲೂ ತೆಗೆದಿದ್ದೆ. ಮ್ಯೂಸಿಕ್ ಕೂಡ ಹಾಕಿದ್ದೆ. ಡಿಲೀಟ್ ಮಾಡಿದೆ.

ಇದಕ್ಕೆ ಕ್ಲಬ್‌ನಲ್ಲಿ ಒಬ್ಬಳು ಗೆಳತಿ ಎತ್ತಿದ ಆಕ್ಷೇಪ ನ್ಯಾಯವಾದದ್ದು. ಪ್ರಚಾರ ಸಿಗದೇ ಮುಚ್ಚಿಹೋಗೋ ಅಂಗಡಿಗಳು ಎಷ್ಟಿಲ್ಲ? ನೀನು ಗುಟ್ಟು ಕಾಪಾಡ್ತೀನಿ ಅಂತ ಕೂತರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ? ಹೌದು. ಜಪಾನಿನಲ್ಲೂ ರಾಮೆನ್ ಅಂಗಡಿಗಳು ಕಷ್ಟದಲ್ಲಿವೆ. ಹಂದಿ ಮಾಂಸ, ಗೋಧಿ, ಗ್ಯಾಸು ಎಲ್ಲ ದುಬಾರಿ. ಆದರೆ ಒಂದು ಬಟ್ಟಲಿಗೆ 1000 ಯೆನ್ ದಾಟಿದರೆ ಗಿರಾಕಿ ಮುಖ ತಿರುಗಿಸ್ತಾರೆ ಅನ್ನೋ ಭಯ. ಅದಕ್ಕೆ ಅಲ್ಲಿ "ಸಾವಿರ ಯೆನ್ನಿನ ಗೋಡೆ" ಅಂತಲೇ ಹೆಸರಿದೆ. ಖಾಲಿ ಸ್ಟೂಲ್ ಇರೋ ಅಂಗಡಿಗೆ ನಿಮ್ಮ ರೀಲ್ ಸಹಾಯ ಮಾಡಬಹುದು. ದಯವಿಟ್ಟು ಮಾಡಿ. ಇಚಿರಾನ್, ಇಪ್ಪುದೊ ಎರಡೂ ಇದೇ ಫುಕುವೋಕಾದಲ್ಲಿ ಹುಟ್ಟಿ ದೊಡ್ಡದಾದ ಚೈನ್‌ಗಳು. ಅಲ್ಲಿಗೆ ಹೋಗಿ ಬೇಕಾದಷ್ಟು ಫೋಟೋ ಹಾಕಿ, ಅವರು ಜನಕ್ಕಾಗಿಯೇ ಕಟ್ಟಿದ್ದಾರೆ, ರುಚಿಯೂ ಚೆನ್ನಾಗಿದೆ. ಆದರೆ ಎಂಬತ್ತು ಬಟ್ಟಲಿನ ಅಂಗಡಿಗೆ ನೂರಹತ್ತು ಜನರನ್ನ ಕಳಿಸಿ ಅದನ್ನ ಪ್ರಚಾರ ಅನ್ನೋಕಾಗಲ್ಲ. ಎರಡಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು ಅಂದ್ರೆ, ಕಟ್ಟೆ ಆ ಕಡೆ ನಿಂತಿರೋರನ್ನ ಒಂದು ಮಾತು ಕೇಳಬೇಕು. ನಾನು ಹಿಂದಿನ ಗೇಟಿನಲ್ಲಿ ಕೇಳಲಿಲ್ಲ. ಕೇಳಿದ್ದರೆ ಅಕ್ಕ ಬಹುಶಃ ಹಾಕಪ್ಪ ಅಂತಲೇ ಹೇಳ್ತಿದ್ದರು, ಅದೂ ನಿಜ. ಆದರೂ ಕೇಳಬೇಕಿತ್ತು. ಲೊಕೇಶನ್ ಬಿಟ್ಟು ಹಾಕಬಹುದಿತ್ತು. ಕಾಲೇಜಿನವರಿಗೆ ಮಾತ್ರ ಹೇಳಬಹುದಿತ್ತು. ಈಗ ಏನು ಹೇಳಿದರೂ ಅಷ್ಟೇ.

ಮುಂದಿನ ಬೇಸಿಗೆಗೆ ನಮ್ಮ ಡಿಪಾರ್ಟ್‌ಮೆಂಟ್‌ನಿಂದ ಇಬ್ಬರು ಅದೇ ಲ್ಯಾಬ್‌ಗೆ ಹೋಗ್ತಿದ್ದಾರೆ. ಅವರು ನನ್ನ ರೂಮಿಗೆ ಬರಲಿ, ಪೇಪರ್ ಮೇಲೆ ದಾರಿ ಬರೆದು ಕೊಡ್ತೀನಿ. ಸ್ಟೇಷನ್ ಇಳಿದು ಎಷ್ಟನೇ ತಿರುವು, ಲಾಂಡ್ರಿ ಯಾವ ಕಡೆ, ಎಲ್ಲ. ಬುಧವಾರ ರಜೆ. ಒಂದು ಗಂಟೆ ಮೇಲೆ ಹೋಗಬೇಡಿ, ನರ್ಸ್ ಬರೋ ಹೊತ್ತು. ನೂಡಲ್ಸ್ ಗಟ್ಟಿಯಾಗಿ ಬೇಕಿದ್ದರೆ "ಕತಾ" ಅನ್ನಿ. ಬ್ಯಾಗ್ ಕಾಲ ಕೆಳಗೆ ಇಡಿ. ತೈಶೋ ಹೆಂಡತಿ ಎರಡನೇ ಸಲ ನೀರು ಹಾಕೋಕೆ ಬಂದರೆ, ಬಟ್ಟಲು ಎತ್ತಿಟ್ಟು ಎದ್ದುಬಿಡಿ.